.223 ರೆಮಿಂಗ್ಟನ್ ತೋಟಾಕ್ಕೆ ಮದ್ದು ಆರಿಸುವ ಬಗೆ

ಅಮೆರಿಕದಲ್ಲಿ ನೆಲೆಸಿ ರೈಫಲ್ಲಿನಲ್ಲಿ ಗುರಿ ಹೊಡೆಯುವ ಹವ್ಯಾಸ ಬೆಳೆಸಿಕೊಂಡ ಕನ್ನಡಿಗರಲ್ಲಿ ಕೆಲವರು, ಹೊಡೆದ ತೋಟಾದ ಹಿತ್ತಾಳೆ ಕೇಸನ್ನು ಎಸೆಯದೆ, ಅದಕ್ಕೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುವ ಕೆಲಸಕ್ಕೂ ಕೈಹಾಕುತ್ತಾರೆ. ಪ್ರೆಸ್, ಡೈ, ತಕ್ಕಡಿಗಳನ್ನು ಕೊಳ್ಳುವುದು ಕಷ್ಟವಲ್ಲ. ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಇಪ್ಪತ್ತು ಮೂವತ್ತು ಮದ್ದಿನ ಡಬ್ಬಿಗಳ ಮುಂದೆ ನಿಂತಾಗಲೇ ತಲೆ ಕೆಡುವುದು. ಈ ಬರಹ ಆ ಆಯ್ಕೆಗೆ ಸಂಬಂಧಿಸಿದ್ದು. ಹೆಚ್ಚು ಜನ ಮೊದಲು ತುಂಬಲು ಕಲಿಯುವ ಸಣ್ಣ ಕ್ಯಾಲಿಬರಿನ ತೋಟಾ .223 ರೆಮಿಂಗ್ಟನ್ ಆದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಎಷ್ಟು ಮದ್ದು ಹಾಕಬೇಕೆಂಬ ಲೆಕ್ಕವನ್ನು ಉದ್ದೇಶಪೂರ್ವಕವಾಗಿ ಇಲ್ಲಿ ಕೊಟ್ಟಿಲ್ಲ. ಅದನ್ನು ಮದ್ದಿನ ಅಥವಾ ಗುಂಡಿನ ತಯಾರಕರು ಪ್ರಕಟಿಸಿದ ಇತ್ತೀಚಿನ ಕೈಪಿಡಿಯಿಂದಲ್ಲದೆ ಬೇರೆಲ್ಲಿಂದಲೂ ತೆಗೆದುಕೊಳ್ಳಬಾರದು.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಇರುವ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ತೋಟಾ ತಯಾರಿಸುವುದಕ್ಕಲ್ಲ. ಅಮೆರಿಕದಲ್ಲಿಯೂ ಸ್ವಂತ ಬಳಕೆಗೆ ತುಂಬಿಕೊಳ್ಳಲು ಅಡ್ಡಿಯಿಲ್ಲವೆಂಬುದು ಕೇಂದ್ರ ಕಾನೂನಿನ ಮಟ್ಟಿಗೆ ಸರಿ. ತಮ್ಮ ರಾಜ್ಯದ ಮತ್ತು ನಗರದ ನಿಯಮಗಳನ್ನು ಅವರವರೇ ನೋಡಿಕೊಳ್ಳಬೇಕು.

ಮೊದಲು ತೀರ್ಮಾನವಾಗಬೇಕಾದದ್ದು ಮದ್ದಲ್ಲ, ಗುಂಡು. .223 ತೋಟಾಕ್ಕೆ 0.224 ಅಂಗುಲ ವ್ಯಾಸದ, 40 ಗ್ರೇನಿನಿಂದ 80 ಗ್ರೇನಿನವರೆಗಿನ ಗುಂಡುಗಳು ಸಿಗುತ್ತವೆ (ಗ್ರೇನ್ ತೂಕದ ಒಂದು ಸಣ್ಣ ಅಳತೆ, ಅದರ ಲೆಕ್ಕ ಮುಂದೆ ಬರುತ್ತದೆ). ಯಾವ ತೂಕ ನಿಮ್ಮ ರೈಫಲ್ಲಿಗೆ ಒಗ್ಗುತ್ತದೆ ಎಂಬುದನ್ನು ನಳಿಗೆಯ ಒಳಗಿನ ತಿರುವು ನಿರ್ಧರಿಸುತ್ತದೆ: 12 ಅಂಗುಲಕ್ಕೆ ಒಂದು ಸುತ್ತು ತಿರುಗುವ ಹಳೆಯ ನಳಿಗೆ 55 ಗ್ರೇನಿನವರೆಗಿನ ಹಗುರ ಗುಂಡನ್ನು ಚೆನ್ನಾಗಿ ಹಾರಿಸುತ್ತದೆ, ಆದರೆ 77 ಗ್ರೇನಿನ ಉದ್ದ ಗುಂಡನ್ನು ಸ್ಥಿರವಾಗಿ ತಿರುಗಿಸಲಾರದು, 8 ಅಥವಾ 7 ಅಂಗುಲಕ್ಕೆ ಒಂದು ಸುತ್ತಿನ ನಳಿಗೆಗಳು ಭಾರದ ಗುಂಡಿಗೆಂದೇ ಬಂದವು. ಗುಂಡಿನ ತೂಕ ಗೊತ್ತಾಯಿತೆಂದರೆ ಮದ್ದಿನ ಪ್ರಶ್ನೆ ಅರ್ಧ ಬಗೆಹರಿದಂತೆ.

ಇದರ ಕಾರಣ ಸರಳವಾಗಿದೆ. ಹೊಗೆರಹಿತ ಮದ್ದು ಸರಿಯಾಗಿ ಬಳಸಿದಾಗ ಸಿಡಿಯುವುದಿಲ್ಲ, ಉರಿಯುತ್ತದೆ. ಮತ್ತು ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ. ಹಗುರ ಗುಂಡು ಬೇಗ ಮುಂದೆ ಸರಿದು ಅನಿಲಕ್ಕೆ ಜಾಗ ಬಿಟ್ಟುಕೊಡುವುದರಿಂದ ಅದರ ಹಿಂದೆ ಸ್ವಲ್ಪ ಬೇಗ ಉರಿಯುವ ಮದ್ದು ಬೇಕು. ಭಾರದ ಗುಂಡು ನಿಧಾನವಾಗಿ ಕದಲುತ್ತದೆ. ಅದರ ಹಿಂದೆ ಬೇಗ ಉರಿಯುವ ಮದ್ದಿದ್ದರೆ ಗುಂಡು ಜಾಗ ಬಿಡುವ ಮೊದಲೇ ಒತ್ತಡ ಮಿತಿ ಮೀರುತ್ತದೆ. ಆದ್ದರಿಂದಲೇ ಕೈಪಿಡಿಗಳಲ್ಲಿ 50ರಿಂದ 55 ಗ್ರೇನಿನ ಗುಂಡಿನ ಪುಟದಲ್ಲಿ ಎಚ್ 322, ಬೆಂಚ್‌ಮಾರ್ಕ್, ಎನ್ 133, ಎಚ್ 335 ಮುಂತಾದ ಬೇಗ ಉರಿಯುವ ಮದ್ದುಗಳು ಎದ್ದು ಕಾಣುತ್ತವೆ. 69ರಿಂದ 77 ಗ್ರೇನಿನ ಪುಟಕ್ಕೆ ಬಂದರೆ ವಾರ್ಗೆಟ್, ರಿಲೋಡರ್ 15, ಎನ್ 140ರಂತಹ ನಿಧಾನದ ಮದ್ದುಗಳು ಮುಂದೆ ಬರುತ್ತವೆ. ಈ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆಯಾದ ಸಾಮಿ ನಿಗದಿಪಡಿಸಿರುವ ಗರಿಷ್ಠ ಸರಾಸರಿ ಒತ್ತಡ ಚದರ ಅಂಗುಲಕ್ಕೆ 55,000 ಪೌಂಡು. ತೋಟಾದ ಹಿಂಭಾಗವನ್ನು ಮುಚ್ಚಿ ಅಷ್ಟು ಒತ್ತಡವನ್ನು ತಡೆದು ನಿಂತ ಬೋಲ್ಟು ನಮ್ಮ ಮುಖದಿಂದ ಕೆಲವೇ ಅಂಗುಲ ದೂರದಲ್ಲಿರುತ್ತದೆ ಎಂಬುದನ್ನು ನಾನು ಪ್ರತಿ ಸಲವೂ ನೆನೆಸಿಕೊಳ್ಳುತ್ತೇನೆ.

ಮದ್ದುಗಳನ್ನು ಉರಿಯುವ ವೇಗದ ಕ್ರಮದಲ್ಲಿ ಜೋಡಿಸಿದ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಆ ಪಟ್ಟಿ ಯಾವ ಮದ್ದು ಯಾವುದರ ಆಸುಪಾಸಿನಲ್ಲಿದೆ ಎಂಬುದನ್ನು ತಿಳಿಯಲು ಮಾತ್ರ. ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಎರಡು ಮದ್ದುಗಳ ನಡುವಿನ ಅಂತರ ಎಷ್ಟೆಂದು ಅದು ಹೇಳುವುದಿಲ್ಲ. ಆದ್ದರಿಂದ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹೊಂದಿಸುವುದು ಯಾವ ಕಾರಣಕ್ಕೂ ಸಲ್ಲದು. ಹೆಸರಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಎಚ್ 4895 ಮತ್ತು ಐಎಂಆರ್ 4895 ಎರಡೂ ಒಳ್ಳೆಯ ಮದ್ದುಗಳೇ, ಎರಡನ್ನೂ .223ರಲ್ಲಿ ಬಳಸುತ್ತಾರೆ, ಆದರೆ ಅವು ಬೇರೆ ಬೇರೆ ಮದ್ದುಗಳು, ಅವುಗಳ ಲೆಕ್ಕವೂ ಬೇರೆ. ನಾನು ಕಲಿಯುತ್ತಿದ್ದ ಮೊದಲ ವರ್ಷ ಅಂಗಡಿಯವರೊಬ್ಬರು "ಸಂಖ್ಯೆ ಒಂದೇ ಅಲ್ಲವೇ, ಅದೇ ಇದು" ಎಂದು ಇನ್ನೊಂದು ಡಬ್ಬಿಯನ್ನು ಕೈಗಿತ್ತಿದ್ದರು. ಮನೆಗೆ ಬಂದು ಕೈಪಿಡಿಯ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಗರಿಷ್ಠ ಮಿತಿಗಳು ಬೇರೆ ಇದ್ದವು. ಅಂದಿನಿಂದ ಡಬ್ಬಿಯ ಮೇಲಿನ ಅಕ್ಷರ, ಸಂಖ್ಯೆ ಎರಡನ್ನೂ ಬೆರಳಿಟ್ಟು ಓದಿ, ಕೈಪಿಡಿಯ ಸಾಲಿನ ಮೇಲೂ ಬೆರಳಿಟ್ಟು ಓದುವ ಅಭ್ಯಾಸವಾಗಿದೆ.

ಇನ್ನು ಕಣಗಳ ಆಕಾರ. ಬಿಳಿ ಕಾಗದದ ಮೇಲೆ ಎರಡು ಚಿಟಿಕೆ ಮದ್ದು ಸುರಿದು ನೋಡಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ವಾರ್ಗೆಟ್, ಐಎಂಆರ್ 4895ರಂತಹವು ಪೆನ್ಸಿಲ್ಲಿನ ಸೀಸವನ್ನು ಸಣ್ಣಗೆ ಕತ್ತರಿಸಿಟ್ಟಂತೆ ಕಾಣುವ ಕಡ್ಡಿ ಮದ್ದುಗಳು. ಎಚ್ 335, ಟ್ಯಾಕ್, ಸಿಎಫ್‌ಇ 223 ಮುಂತಾದವು ಗಸಗಸೆಯಷ್ಟು ನುಣುಪಾದ, ಕೆಲವೊಮ್ಮೆ ಚಪ್ಪಟೆಯಾದ ಗುಂಡು ಮದ್ದುಗಳು, ಅಂದರೆ ದುಂಡನೆಯ ಕಣದ ಮದ್ದುಗಳು. ಗುಂಡು ಮದ್ದು ಅಳತೆಯಂತ್ರದಲ್ಲಿ ನೀರಿನಂತೆ ಹರಿಯುತ್ತದೆ, ಪ್ರತಿ ಸಲವೂ ಬಹುಮಟ್ಟಿಗೆ ಒಂದೇ ತೂಕ ಬೀಳುತ್ತದೆ. ಕಡ್ಡಿ ಮದ್ದನ್ನು ಅದೇ ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸಿದರೆ ನಡುವೆ ಸಿಕ್ಕಿಕೊಂಡ ಕಣವೊಂದು 'ಕರಕ್' ಎಂದು ತುಂಡಾಗುವುದು ಕೈಗೇ ತಿಳಿಯುತ್ತದೆ, ತೂಕವೂ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಕಡ್ಡಿ ಮದ್ದು ಬಳಸುವವರು ಅಳತೆಗಿಂತ ತುಸು ಕಡಿಮೆ ಸುರಿದು, ಉಳಿದದ್ದನ್ನು ತಕ್ಕಡಿಯ ಮೇಲೆ ನಾಲ್ಕಾರು ಕಣ ಉದುರಿಸಿ ಸರಿದೂಗಿಸುತ್ತಾರೆ. ಒಂದೇ ಸಂಜೆ ಇನ್ನೂರು ತೋಟಾ ತುಂಬಬೇಕಾದವರಿಗೆ ಗುಂಡು ಮದ್ದು ಒಳ್ಳೆಯದು. ಐವತ್ತನ್ನೇ ನಿಧಾನವಾಗಿ ತುಂಬಿ, ಒಂದೇ ರಂಧ್ರದಲ್ಲಿ ಐದು ಗುಂಡು ಕೂರಿಸುವ ಆಸೆಯುಳ್ಳವರಿಗೆ ಕಡ್ಡಿ ಮದ್ದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಾಗೆ ಹೇಳಲು ಹವಾಮಾನವೂ ಒಂದು ಕಾರಣ. ಬಿಸಿ ಹೆಚ್ಚಾದಂತೆ ಮದ್ದಿನ ಒತ್ತಡ ಏರುತ್ತದೆ, ಚಳಿಗೆ ಇಳಿಯುತ್ತದೆ, ಮತ್ತು ಈ ಏರಿಳಿತ ಎಲ್ಲ ಮದ್ದುಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ವಾರ್ಗೆಟ್, ಎಚ್ 4895ರಂತಹ ಕೆಲವು ಕಡ್ಡಿ ಮದ್ದುಗಳನ್ನು ಈ ಏರಿಳಿತ ಕಡಿಮೆಯಾಗುವಂತೆಯೇ ತಯಾರಿಸಿದ್ದಾರೆ. ಹಳೆಯ ಗುಂಡು ಮದ್ದುಗಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚು. ಮಾರ್ಚ್ ತಿಂಗಳ ತಂಪಿನಲ್ಲಿ ಕೈಪಿಡಿಯ ಗರಿಷ್ಠದ ಹತ್ತಿರ ತುಂಬಿ ಪರೀಕ್ಷಿಸಿದ ತೋಟಾವನ್ನು ಜುಲೈ ತಿಂಗಳ ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಗಂಟೆ ಬಿಟ್ಟು ಹೊಡೆದರೆ ಅದು ಅದೇ ತೋಟಾ ಆಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಬಳಸುವ ತೋಟಾವನ್ನು ಬೇಸಿಗೆಯಲ್ಲಿಯೇ ಪರೀಕ್ಷಿಸಬೇಕು.

ರೈಫಲ್ ಬೋಲ್ಟು ಎಳೆಯುವಂಥದ್ದೋ, ಅನಿಲದ ಬಲದಿಂದ ತಾನೇ ಮರುಲೋಡ್ ಆಗುವಂಥದ್ದೋ ಎಂಬುದೂ ಮುಖ್ಯ. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಈ ತೋಟಾದ ಚರಿತ್ರೆಯಲ್ಲಿಯೇ ದೊಡ್ಡ ಉದಾಹರಣೆಯಿದೆ. ಇದೇ ತೋಟಾದ ಸೇನಾ ರೂಪವನ್ನು ಬಳಸುವ, ಅಮೆರಿಕದ ಸೇನೆಯ ಎಂ 16 ರೈಫಲ್ಲನ್ನು ಮೊದಲು ರೂಪಿಸಿದ್ದು ಐಎಂಆರ್ ಕಡ್ಡಿ ಮದ್ದಿನ ತೋಟಾದೊಂದಿಗೆ. 1964ರ ಸುಮಾರಿಗೆ ಅಮೆರಿಕದ ಸೇನೆ ಡಬ್ಲ್ಯುಸಿ 846 ಎಂಬ ಗುಂಡು ಮದ್ದಿಗೆ ಒಪ್ಪಿಗೆ ನೀಡಿತು. ಗುಂಡಿನ ವೇಗ ಕೇಳಿದಷ್ಟೇ ಬಂದಿತು, ಆದರೆ ಅನಿಲ ಹೊರಗೆಳೆಯುವ ರಂಧ್ರದ ಬಳಿ ಒತ್ತಡ ಹೆಚ್ಚಾಗಿ ರೈಫಲ್ ಮೊದಲಿಗಿಂತ ಬಿರುಸಾಗಿ ಓಡಿತು, ಒಳಗೆ ಮಸಿಯೂ ಹೆಚ್ಚು ಕಟ್ಟಿತು. ಕ್ರೋಮ್ ಲೇಪವಿಲ್ಲದ ಚೇಂಬರು (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಮತ್ತು ಶುಚಿಗೊಳಿಸುವ ಸಾಮಗ್ರಿಯ ಕೊರತೆ ಇದಕ್ಕೆ ಸೇರಿ, ವಿಯೆಟ್ನಾಮಿನಲ್ಲಿ ಸೈನಿಕರ ಕೈಯಲ್ಲಿ ರೈಫಲ್ಲುಗಳು ಸಿಕ್ಕಿಕೊಂಡವು. 1967ರಲ್ಲಿ ಅಮೆರಿಕದ ಸಂಸತ್ತಿನ ಇಕಾರ್ಡ್ ಉಪಸಮಿತಿ ಇದನ್ನು ವಿಚಾರಿಸಿತು. ವೇಗವೊಂದನ್ನೇ ನೋಡಿ ಮದ್ದು ಬದಲಿಸಿದ್ದರ ಬೆಲೆಯನ್ನು ಯುದ್ಧಭೂಮಿಯಲ್ಲಿದ್ದವರು ತೆತ್ತರು. ಅನಿಲದಿಂದ ನಡೆಯುವ ರೈಫಲ್ ಇದ್ದವರು ಕೈಪಿಡಿಯಲ್ಲಿ ಅಂಥ ರೈಫಲ್ಲಿಗೆ ಪ್ರತ್ಯೇಕ ಪುಟವಿದ್ದರೆ ಅದನ್ನೇ ಅನುಸರಿಸಬೇಕು.

ಕೇಸು ಎಷ್ಟು ತುಂಬುತ್ತದೆ ಎಂಬುದನ್ನೂ ನೋಡಿ. ಕೇಸಿನ ಹೆಚ್ಚಿನ ಭಾಗವನ್ನು ತುಂಬುವ ಮದ್ದು ಪ್ರತಿ ಸಲವೂ ಒಂದೇ ರೀತಿ ಹೊತ್ತಿಕೊಳ್ಳುವ ಸಾಧ್ಯತೆ ಹೆಚ್ಚು; ಜೊತೆಗೆ ಕೈತಪ್ಪಿ ಎರಡು ಸಲ ಸುರಿದರೆ ಅದು ಉಕ್ಕಿ ಹೊರಚೆಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ಕೇಸು ಯಾರದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ: ಕೇಸಿನ ಒಳಜಾಗ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುತ್ತದೆ, ಒಳಜಾಗ ಕಡಿಮೆಯಿದ್ದರೆ ಅಷ್ಟೇ ಮದ್ದಿಗೆ ಒತ್ತಡ ಹೆಚ್ಚುತ್ತದೆ. ಕೇಸು, ಪ್ರೈಮರ್, ಗುಂಡು ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಕೈಪಿಡಿಯ ಆರಂಭದ ಅಳತೆಗೆ ಹಿಂದಿರುಗಿ ಅಲ್ಲಿಂದ ಸ್ವಲ್ಪ ಸ್ವಲ್ಪವೇ ಮೇಲೇರಬೇಕು. ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟು ಎತ್ತಲು ಬಿಗಿಯಾಗುವುದು, ಕೇಸಿನ ತಳದಲ್ಲಿ ಹೊಳೆಯುವ ಗುರುತು ಮೂಡುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಬೇಕು. ಏನೂ ಕಾಣದಿದ್ದ ಮಾತ್ರಕ್ಕೆ ಕೈಪಿಡಿಯ ಗರಿಷ್ಠವನ್ನು ದಾಟಬಹುದೆಂದು ಅರ್ಥವಲ್ಲ.

ತಕ್ಕಡಿಯ ಬಗ್ಗೆ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಗ್ರಾಂನಲ್ಲಿ ಬೆಳೆದ ನಮಗೆ ಗ್ರೇನ್ ಎಂಬ ಅಳತೆ ಹೊಸದು. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ, ಒಂದು ಪೌಂಡಿಗೆ 7,000 ಗ್ರೇನ್. ಡಿಜಿಟಲ್ ತಕ್ಕಡಿಯ ಗುಂಡಿ ಒತ್ತಿಹೋಗಿ ಅಳತೆ ಬದಲಾಗಿರುವುದನ್ನು ನಾನು ಎರಡು ಸಲ ಕಂಡಿದ್ದೇನೆ. ತೂಗುವ ಮೊದಲು ಪರೀಕ್ಷೆಯ ತೂಕದ ಕಲ್ಲನ್ನಿಟ್ಟು ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಕೊಳ್ಳುವಾಗ ಮೊದಲು ಒಂದೇ ಪೌಂಡು ಕೊಳ್ಳಿ; .223ರಲ್ಲಿ ಅದು 250ರಿಂದ 300 ತೋಟಾಗಳಿಗೆ ಸಾಲುತ್ತದೆ, ಪರೀಕ್ಷೆಗೆ ಅಷ್ಟು ಧಾರಾಳ. ನಿಮ್ಮ ರೈಫಲ್ಲಿಗೆ ಒಗ್ಗಿತೆಂದು ಖಚಿತವಾದ ಮೇಲೆ, ಒಂದೇ ಲಾಟ್ (ಒಮ್ಮೆಗೆ ತಯಾರಾದ ಕಂತು) ಸಂಖ್ಯೆಯ ದೊಡ್ಡ ಡಬ್ಬಿ ಕೊಂಡರೆ ಅನುಕೂಲ, ಏಕೆಂದರೆ ಲಾಟ್ ಬದಲಾದರೆ ಮತ್ತೆ ಕೆಳಗಿನಿಂದ ಪರೀಕ್ಷಿಸಬೇಕಾಗುತ್ತದೆ. ಮನೆಯಲ್ಲಿ ಮೂಲ ಡಬ್ಬಿಯಲ್ಲಿಯೇ, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ವಾಸದ ಮನೆಯಲ್ಲಿ ಹಾಗೆ ಇಡಲು 20 ಪೌಂಡಿನ ಮಿತಿ ಹೇಳುತ್ತದೆ. ಮುಚ್ಚಳ ತೆರೆದಾಗ ಹುಳಿ ಘಾಟು ಹೊಡೆದರೆ ಅಥವಾ ಕೆಂಪು ತುಕ್ಕಿನಂತಹ ಪುಡಿ ಕಂಡರೆ ಆ ಮದ್ದು ಕೆಟ್ಟಿದೆ. ಅದನ್ನು ತೋಟಾಕ್ಕೆ ತುಂಬಬಾರದು.

ತುಂಬುವ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ. ಒಮ್ಮೆ ಊರಿನಿಂದ ಫೋನ್ ಬಂದಾಗ ನಡುವೆ ಎದ್ದು ಹೋದವನು ಮೂರು ದಿನ ಬಿಟ್ಟು ಮೇಜಿಗೆ ಬಂದೆ. ಅಳತೆಯಂತ್ರದ ಕೊಳವೆಯಲ್ಲಿ ಅರ್ಧದಷ್ಟು ಕಡ್ಡಿ ಮದ್ದು ಉಳಿದಿತ್ತು, ಕಪಾಟಿನಲ್ಲಿ ಕಡ್ಡಿ ಮದ್ದಿನ ಡಬ್ಬಿಗಳು ಎರಡಿದ್ದವು, ಎರಡರ ಕಣಗಳೂ ಕಣ್ಣಿಗೆ ಒಂದೇ. ಅದು ವಾರ್ಗೆಟ್ಟೇ ಎಂದು ನೂರಕ್ಕೆ ತೊಂಬತ್ತು ಭಾಗ ಗೊತ್ತಿತ್ತು. ಆದರೂ ಅದನ್ನು ಯಾವ ಡಬ್ಬಿಗೂ ಹಿಂದಿರುಗಿಸದೆ ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಹರಡಿಬಿಟ್ಟೆ. ಈಗ ಡಬ್ಬಿಯಿಂದ ಮದ್ದು ಸುರಿದ ಕೂಡಲೇ ಅದರ ಹೆಸರು, ಲಾಟ್ ಸಂಖ್ಯೆ ಬರೆದ ಚೀಟಿಯನ್ನು ಕೊಳವೆಗೆ ಅಂಟಿಸುತ್ತೇನೆ. ಫೋನ್ ಬಂದರೂ, ಬಾಗಿಲು ಬಡಿದರೂ, ಕೊಳವೆಯನ್ನು ಆ ಡಬ್ಬಿಗೇ ಬರಿದು ಮಾಡಿ ಮುಚ್ಚಳ ತಿರುಗಿಸಿದ ಮೇಲೆಯೇ ಏಳುತ್ತೇನೆ.