ಊದುವವರ ಶ್ರುತಿ: ರಾಕ್ ಅಂಡ್ ರೋಲ್‌ನ ಬೇರು ಹುಡುಕಿದ ನನ್ನ ಅನುಭವ

ನಾನು ಗಿಟಾರ್ ಕಲಿಸುತ್ತೇನೆ. ಬನಶಂಕರಿಯಲ್ಲಿ ಮನೆಯ ಮಹಡಿ ಮೇಲೆ ಒಂದು ಸಣ್ಣ ರೂಮಿದೆ. ವಾರವೆಲ್ಲ ಅಲ್ಲಿ ಕ್ಲಾಸು, ಭಾನುವಾರ ಗೆಳೆಯರ ಜೊತೆ ಪ್ರಾಕ್ಟೀಸು. ನುಡಿಸಿ ಮುಗಿದ ಮೇಲೆ ಕಾಫಿ, ಕಾಫಿ ಜೊತೆ ವಾದ. ಎಷ್ಟೋ ವರ್ಷದಿಂದ ವಾದದ ವಿಷಯ ಒಂದೇ: ರಾಕ್ ಅಂಡ್ ರೋಲ್ ಹುಟ್ಟೋದಕ್ಕೆ ಎಲ್ಲರಿಗಿಂತ ಜಾಸ್ತಿ ಕಾರಣ ಯಾರು?

ಗಿಟಾರ್ ನುಡಿಸುತ್ತಾ ಹಾಡುತ್ತಿದ್ದ ಚಕ್ ಬೆರಿ ಕಡೆ ನಾನು. ಡ್ರಮ್ಸ್ ನುಡಿಸುವ ಗೆಳೆಯ ಪಿಯಾನೋ ಗಾಯಕ ಲಿಟಲ್ ರಿಚರ್ಡ್ ಕಡೆ. ಬೇಸ್ ಗಿಟಾರಿನವನು ಬ್ಲೂಸ್ (ಅಮೆರಿಕದ ಕಪ್ಪು ಜನರ ಹಳೆಯ ಹಾಡುಗಾರಿಕೆ) ಗಾಯಕ ರಾಬರ್ಟ್ ಜಾನ್ಸನ್ ಅಂತ ಪಟ್ಟು ಹಿಡಿಯುತ್ತಿದ್ದ. ನಮ್ಮಲ್ಲಿ ಹಾಡುವ ಗೆಳತಿಗೆ ಚರ್ಚಿನ ಹಾಡುಗಳ ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಿಟ್ಟರೆ ಬೇರೆ ಹೆಸರೇ ಇಲ್ಲ. ರಾಕ್ ಅಂಡ್ ರೋಲ್ ಅಂದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಎಲ್ವಿಸ್ ಪ್ರೀಸ್ಲಿ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಆತ 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಹಾಡಿ ಹೆಸರು ಮಾಡಿದ ಹಾಡನ್ನು ಆರ್ಥರ್ ಕ್ರುಡಪ್ 1946ರಲ್ಲೇ ರೆಕಾರ್ಡ್ ಮಾಡಿದ್ದ. ಎಲ್ವಿಸ್ ಊಟಕ್ಕೆ ಕೂತಾಗ ಅಡುಗೆ ಆಗಿಹೋಗಿತ್ತು ಅನ್ನುವುದರಲ್ಲಿ ನಮಗೆ ಜಗಳವಿರಲಿಲ್ಲ.

ಒಂದು ಭಾನುವಾರ ಆ ಗೆಳತಿ ಕೇಳಿದಳು: "ಇಷ್ಟು ವರ್ಷದಿಂದ ಬಾಯಲ್ಲೇ ಹೇಳ್ತಾ ಇದ್ದೀಯಲ್ಲ, ಇವರೆಲ್ಲ ನುಡಿಸಿದ್ದನ್ನ ಒಂದ್ಸಲ ಕೂತು ನುಡಿಸಿ ನೋಡಿದೀಯೇನೋ?"

ನಾನು ನೋಡಿರಲಿಲ್ಲ. ಬೆರಿಯನ್ನು ಬಿಟ್ಟು ಉಳಿದವರನ್ನು ಸುಮ್ನೆ ಕೇಳಿದ್ದೆ, ಅಷ್ಟೇ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಾರನೇ ದಿನವೇ ಒಂದು ನೋಟ್‌ಬುಕ್ ತಂದೆ. ಎಡಗಡೆ ಪುಟದಲ್ಲಿ ನನ್ನ ಕಿವಿಗೆ ಕೇಳಿಸಿದ್ದು, ಬಲಗಡೆ ಪುಟದಲ್ಲಿ ಯಾರಿಂದ ಕಲಿತೆ ಅಂತ ಆ ಸಂಗೀತಗಾರರೇ ಹೇಳಿಕೊಂಡಿದ್ದು. ಈ ಎರಡು ಬಿಟ್ಟು ಮೂರನೆಯದಕ್ಕೆ ಜಾಗವಿಲ್ಲ ಅಂತ ತೀರ್ಮಾನ ಮಾಡಿದೆ. ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಫೋನಿನಲ್ಲಿ ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, ಒಂದೊಂದೇ ಸ್ವರ ಹುಡುಕುತ್ತಾ ಕೂತೆ. ಒಂದು ವರ್ಷದ ಮೇಲೆ ಹಿಡಿಯಿತು.

ಜಾನ್ಸನ್ ವಿಷಯ ಬೇಗ ಮುಗಿಯಿತು. ಬದುಕಿದ್ದೇ 27 ವರ್ಷ. 1936ರಲ್ಲಿ ಸ್ಯಾನ್ ಆಂಟೋನಿಯೋ, 1937ರಲ್ಲಿ ಡಲ್ಲಾಸ್, ರೆಕಾರ್ಡ್ ಮಾಡಿದ್ದು ಒಟ್ಟು 29 ಹಾಡು. ಪಿಯಾನೋದ ಎಡಗೈ ಮಾಡುವ ಕೆಲಸವನ್ನು ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಲ್ಲಿ ಮಾಡುತ್ತಾನೆ, ಅದು ಕೈಗೆ ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು. ಆದರೆ ಆತನ ಹಾಡುಗಳು ಎಲ್‌ಪಿಯಾಗಿ ಹೊರಬಂದು ದೂರದವರಿಗೆ ಕೇಳಿಸಿದ್ದು 1961ರಲ್ಲಿ. ಅಷ್ಟರಲ್ಲಿ ರಾಕ್ ಅಂಡ್ ರೋಲ್ ಹುಟ್ಟಿ ಆರೇಳು ವರ್ಷವಾಗಿತ್ತು. ಇಂಗ್ಲೆಂಡಿನ ಹುಡುಗರಿಗೆ ಆತ ಗುರುವಾದದ್ದು ಆಮೇಲೆ. ಬೇಸ್ ಗಿಟಾರಿನವನಿಗೆ ಇಸವಿಗಳನ್ನು ಬರೆದು ತೋರಿಸಿದೆ, ಒಪ್ಪಿಕೊಂಡ.

ರೊಸೆಟ್ಟಾ ಅಷ್ಟು ಸುಲಭವಾಗಿ ಬಿಡಲಿಲ್ಲ. ಆಕೆ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಅನ್ನುವ ಊರಿನಲ್ಲಿ. ತಾಯಿ ಮ್ಯಾಂಡೊಲಿನ್ ನುಡಿಸಿ, ಹಾಡಿ, ಚರ್ಚುಗಳಲ್ಲಿ ಉಪದೇಶ ಮಾಡುತ್ತಿದ್ದವರು. ಮಗಳು ಚಿಕ್ಕ ವಯಸ್ಸಿಗೇ ಗಿಟಾರ್ ಹಿಡಿದು ಅವರ ಜೊತೆ ಹೊರಟಳು. ಆಕೆಯ ಹಾಗೆ ನುಡಿಸಬೇಕು ಅಂದರೆ ಮೊದಲು ಗಿಟಾರಿನ ಶ್ರುತಿಯನ್ನೇ ಬದಲಿಸಬೇಕು. ನಾಲ್ಕು ತಂತಿ ಸಡಿಲಿಸಿ ಡಿ ಎ ಡಿ ಎಫ್ ಶಾರ್ಪ್ ಎ ಡಿ ಮಾಡಿಕೊಂಡೆ. ಹಾಗೆ ಮಾಡಿದರೆ ಬೆರಳಿಡದೆ ಆರೂ ತಂತಿ ಮೀಟಿದರೂ ತುಂಬಿದ ಕಾರ್ಡ್, ಅಂದರೆ ಒಂದಕ್ಕೊಂದು ಕೂಡುವ ಸ್ವರಗಳ ಗುಂಪು, ಬರುತ್ತದೆ. ರೂಮೆಲ್ಲ ಗುಂಯ್ ಅನ್ನುತ್ತದೆ. ಒಬ್ಬಳೇ ನಿಂತು ಇಡೀ ಚರ್ಚಿಗೆ ಕೇಳಿಸಬೇಕಾದವಳು ಈ ಶ್ರುತಿಯನ್ನು ಯಾಕೆ ಇಷ್ಟಪಟ್ಟಳು ಅಂತ ಮೊದಲ ಸಲ ಮೀಟಿದಾಗಲೇ ಗೊತ್ತಾಯಿತು.

ನನಗೆ ನಿಜವಾಗಿ ಕಷ್ಟವಾದದ್ದು ಚಪ್ಪಾಳೆ. ನಾನು ಬೆಳೆದದ್ದು ಶನಿವಾರದ ಭಜನೆಯಲ್ಲಿ. ನಮ್ಮ ಕೈ ತಾಳ ಬೀಳುವುದು ಮೊದಲ ಪೆಟ್ಟಿಗೆ. ಆ ಚರ್ಚುಗಳಲ್ಲಿ ಕೈ ಬೀಳುವುದು ಎರಡಕ್ಕೆ, ನಾಲ್ಕಕ್ಕೆ. ಕಾಲಲ್ಲಿ ಒಂದು ಮೂರು ಹಾಕಿ, ಕೈಯಲ್ಲಿ ಎರಡು ನಾಲ್ಕು ತಟ್ಟುತ್ತಾ ಅಡುಗೆಮನೆಯಿಂದ ಹಾಲ್‌ವರೆಗೂ ನಡೆದು ಅಭ್ಯಾಸ ಮಾಡಿದೆ. ಅದು ಮೈಗೆ ಹತ್ತಿದ ದಿನ ಆಕೆಯ ಗಿಟಾರ್ ಬೇರೆಯದೇ ಆಗಿ ಕೇಳಿಸಿತು. ಗಂಟಲು ಒಂದು ಸಾಲು ಹಾಡುತ್ತದೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಆ ಉತ್ತರ ಬರುವ ಜಾಗ, ಚರ್ಚಿನಲ್ಲಿ ಜನ ಹೂಂಗುಟ್ಟುವ ಜಾಗ.

1938ರಲ್ಲಿ ಡೆಕ್ಕಾ ಕಂಪನಿಗೆ ಆಕೆ ಮೊದಲು ಹಾಡಿದಳು. 1944ರಲ್ಲಿ ಸ್ಯಾಮಿ ಪ್ರೈಸ್‌ನ ಬೂಗಿ (ಕುಣಿಸುವ ಧಾಟಿಯ) ಪಿಯಾನೋ ಜೊತೆ ಹಾಡಿದ ಗಾಸ್ಪೆಲ್ (ಚರ್ಚಿನ ಭಕ್ತಿಯ) ಹಾಡು ಮರುವರ್ಷ ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. 1947ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಒಬ್ಬ ಹುಡುಗ ಹಾಡುವುದನ್ನು ಕೇಳಿ ತನ್ನ ವೇದಿಕೆಗೇ ಕರೆದು ಹಾಡಿಸಿದಳು. ಆ ಹುಡುಗನೇ ಲಿಟಲ್ ರಿಚರ್ಡ್. ಇದನ್ನು ಹೇಳಿದಾಗ ನಮ್ಮ ಡ್ರಮ್ಮರ್ ತುಂಬಾ ಹೊತ್ತು ಮಾತಾಡಲಿಲ್ಲ.

ರೊಸೆಟ್ಟಾ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹಾಡಿದ 1964ರ ವಿಡಿಯೋ ನೋಡಿಲ್ಲದವರು ದಯವಿಟ್ಟು ನೋಡಿ. ರೈಲು ನಿಲ್ಲದ ಒಂದು ಹಳೆಯ ಸ್ಟೇಷನ್. ಒಂದು ಪ್ಲಾಟ್‌ಫಾರ್ಮಿನಲ್ಲಿ ಜನ, ಹಳಿ ದಾಟಿ ಎದುರು ಪ್ಲಾಟ್‌ಫಾರ್ಮಿನಲ್ಲಿ ಆಕೆ. ಮಳೆ ಬಂದಿದೆ. ಕೋಟು ತೊಟ್ಟುಕೊಂಡೇ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿ, ಮಳೆಯ ಹಾಡನ್ನೇ ಎತ್ತಿಕೊಳ್ಳುತ್ತಾಳೆ. ಇಷ್ಟೆಲ್ಲ ಮಾಡಿದವಳು 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಅದು ಬರಲು ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು 2018ರಲ್ಲಿ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅಲ್ಲಿಗೆ ನಾನು ಸೋತೆ, ಗೆಳತಿಯೇ ಸರಿ ಅಂತ ಹೇಳಿಬಿಡುವವನಿದ್ದೆ. ಆದರೆ ಬೆರಿಯದು ಬಾಕಿ ಇತ್ತು.

ಬೆರಿ ನನಗೆ ಹಳೆಯ ನಂಟು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರಲ್ಲ, ಆಗಿನಿಂದ. ಅವರು 1963ರಲ್ಲಿ ತಂದ ಮೊದಲ ಸಿಂಗಲ್ಲೇ ಬೆರಿಯ ಹಾಡು ಅಂತ ತಿಳಿದು ನಾನು ಬೆರಿ ಹಿಂದೆ ಬಿದ್ದೆ. 1958ರ 'ಜಾನಿ ಬಿ. ಗುಡ್' ಹಾಡಿನ ಶುರುವನ್ನು ಆಗಲೇ ಕಲಿತೆ. ಕಲಿತದ್ದು ಎ ಶ್ರುತಿಯಲ್ಲಿ, 5ನೇ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಐದನೇ ಮನೆಯಲ್ಲಿ. ಗಿಟಾರಿಗೆ ಅದು ಹೇಳಿ ಮಾಡಿಸಿದ ಜಾಗ. ಕ್ಲಾಸಿನ ಮಕ್ಕಳಿಗೂ ಹಾಗೇ ಕಲಿಸಿದೆ. ಈಗ ರೆಕಾರ್ಡಿನ ಜೊತೆ ನುಡಿಸಲು ಕೂತರೆ ಶ್ರುತಿ ಕೂಡುತ್ತಲೇ ಇಲ್ಲ. ರೆಕಾರ್ಡ್ ಒಂದು ಮನೆ ಮೇಲಿದೆ. ವೇಗ ಹೆಚ್ಚಾಗಿ ಹೀಗಾಗಿದೆ ಅಂದುಕೊಂಡೆ. ಬೇರೆ ಪ್ರತಿ ಹುಡುಕಿದೆ. ಎಲ್ಲದರಲ್ಲೂ ಅದೇ, ಬಿ ಫ್ಲ್ಯಾಟ್.

ಆ ವಾರ ಒಂದು ಮದುವೆಗೆ ಹೋಗಿದ್ದೆ. ವರನ ಕಡೆಯವರು ದಕ್ಷಿಣ ಕನ್ನಡದವರು, ಹಾಗಾಗಿ ಸ್ಯಾಕ್ಸೋಫೋನ್ ಕಚೇರಿ ಇತ್ತು. ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು, ಅವರಿಂದಾಗಿ ಕರಾವಳಿಯ ಮದುವೆಗಳಲ್ಲಿ ಇದು ಈಗ ನಮ್ಮದೇ ವಾದ್ಯ. ಊಟವಾದ ಮೇಲೆ ಊದುವವರ ಪಕ್ಕ ಕೂತು ಫೋನಿನಲ್ಲಿ ಬೆರಿಯ ಶುರುವನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು.

"ಇದು ಕಪ್ಪು ಐದು ಅಲ್ವಾ ಮಾರಾಯ್ರೇ?"

"ಹೌದು, ಹಾರ್ಮೋನಿಯಂನ ಐದನೇ ಕಪ್ಪು ಮನೆ, ಬಿ ಫ್ಲ್ಯಾಟ್. ಗಿಟಾರಿಗೆ ಯಾಕೆ ಈ ಶ್ರುತಿ ಅಂತ ಗೊತ್ತಾಗ್ತಿಲ್ಲ."

"ಇದು ಗಿಟಾರಿನವರ ಶ್ರುತಿ ಅಲ್ಲ. ಇದು ಊದುವವರ ಶ್ರುತಿ. ಟೆನರ್ ಸ್ಯಾಕ್ಸೋಫೋನಿನವನಿಗೆ ಇದು ಸಿ ಬೆರಳು, ನಮ್ಮ ಆಲ್ಟೋ ಸ್ಯಾಕ್ಸೋಫೋನಿಗೆ ಜಿ ಬೆರಳು. ನೀರು ಕುಡಿದ ಹಾಗೆ. ಅದೇ ನೀವು ಹೇಳುವ ಎ ಶ್ರುತಿ ಹಿಡಿದರೆ ಬೆರಳು ಗಂಟು ಬೀಳ್ತದೆ."

ಮನೆಗೆ ಬಂದವನೇ ನೋಟ್‌ಬುಕ್ ತೆಗೆದೆ. ಬಲಗಡೆ ಪುಟದಲ್ಲಿ ನಾನೇ ಬರೆದಿದ್ದ ಒಂದು ವಿಷಯ ಈಗ ಎದ್ದು ಕಂಡಿತು. 1952ರ ಕೊನೆಯ ರಾತ್ರಿ, ಹೊಸವರ್ಷದ ಕಾರ್ಯಕ್ರಮ. ಪಿಯಾನೋದ ಜಾನಿ ಜಾನ್ಸನ್‌ನ ತಂಡದಲ್ಲಿ ಒಬ್ಬನಿಗೆ ಹುಷಾರಿಲ್ಲ, ಅವನ ಜಾಗಕ್ಕೆ ಬೆರಿಯನ್ನು ಕರೆಸುತ್ತಾರೆ. ಹುಷಾರಿಲ್ಲದವನು ನುಡಿಸುತ್ತಿದ್ದದ್ದು ಸ್ಯಾಕ್ಸೋಫೋನ್! ಬೆರಿ ಹೋಗಿ ನಿಂತದ್ದು ಊದುವವನ ಜಾಗದಲ್ಲಿ, ಪಿಯಾನೋದವರು ಮತ್ತು ಊದುವವರು ಮೊದಲೇ ಹಿಡಿದಿದ್ದ ಶ್ರುತಿಗಳಲ್ಲಿ.

ಇನ್ನೊಂದು ಸಾಲೂ ಅಲ್ಲೇ ಇತ್ತು. ಆ ಶುರು ತಾನು ಕಾರ್ಲ್ ಹೋಗನ್‌ನಿಂದ ಪಡೆದದ್ದು ಅಂತ ಬೆರಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ. ಹೋಗನ್ ಗಿಟಾರ್ ನುಡಿಸುತ್ತಿದ್ದದ್ದು ಲೂಯಿ ಜೋರ್ಡನ್‌ನ ತಂಡದಲ್ಲಿ. ಜೋರ್ಡನ್ ಆಲ್ಟೋ ಸ್ಯಾಕ್ಸೋಫೋನ್ ಊದುತ್ತಾ ಹಾಡುತ್ತಿದ್ದವನು. 1946ರ 'ಏಂಟ್ ದಟ್ ಜಸ್ಟ್ ಲೈಕ್ ಎ ವುಮನ್' ಹಾಕಿ ಕೇಳಿದೆ. ಹನ್ನೆರಡು ವರ್ಷ ಮೊದಲೇ ಆ ಶುರು ಅಲ್ಲಿದೆ, ಹೆಚ್ಚುಕಡಿಮೆ ಸ್ವರಕ್ಕೆ ಸ್ವರ. ಆ ರಾತ್ರಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಎರಡನ್ನೂ ಕೈಯಲ್ಲಿ ನುಡಿಸಿ ನೋಡಿದರೆ ಯಾವುದು ಯಾರದು ಅಂತ ಚೆನ್ನಾಗಿ ತಿಳಿಯುತ್ತದೆ. ಸ್ವರಗಳ ಸಾಲು ಹೋಗನ್‌ದು. ಅದರ ಮುಂದೆ ಬೆರಿ ಜೋಡು ತಂತಿಗಳ ಆಟ ಸೇರಿಸಿದ. ತೋರುಬೆರಳನ್ನು 6ನೇ ಫ್ರೆಟ್‌ನಲ್ಲಿ ಮೊದಲ ಎರಡು ತಂತಿಗೂ ಅಡ್ಡ ಮಲಗಿಸಬೇಕು. ಉಂಗುರದ ಬೆರಳಲ್ಲಿ 3ನೇ ತಂತಿಯನ್ನು 8ನೇ ಫ್ರೆಟ್‌ನಲ್ಲಿ ಒತ್ತಿ, ವೀಣೆಯಲ್ಲಿ ಎಳೆಯುವ ಹಾಗೆ ಪಕ್ಕಕ್ಕೆ ಎಳೆಯಬೇಕು. ಎಳೆದ ತಂತಿ ಏರಿ ಏರಿ 2ನೇ ತಂತಿಯ ಸ್ವರವನ್ನು ಮುಟ್ಟುತ್ತದೆ. ಮುಟ್ಟುವ ಮುಂಚೆ ಎರಡೂ ಒಂದಕ್ಕೊಂದು ಉಜ್ಜುತ್ತವಲ್ಲ, ಆ ಸದ್ದೇ ಮೈ ನವಿರೇಳಿಸುವುದು. ಇದು ಬೆರಿಗಿಂತ ಮೊದಲು ಬ್ಲೂಸ್ ಗಿಟಾರಿನ ಟಿ-ಬೋನ್ ವಾಕರ್ ಕೈಯಲ್ಲಿತ್ತು. ಆಗಿನ ತಂತಿಗಳು ದಪ್ಪ. ಇವತ್ತಿನ ತೆಳು ತಂತಿಯಲ್ಲೇ ನನ್ನ ಬೆರಳ ತುದಿ ಕೆಂಪಾಗುತ್ತದೆ.

ಜೋರ್ಡನ್ ಬಗ್ಗೆ ಹುಡುಕಿದಷ್ಟೂ ದಾರಿಗಳು ಅಲ್ಲಿಗೇ ಬಂದು ಸೇರತೊಡಗಿದವು. ಹದಿನೈದು ಇಪ್ಪತ್ತು ಜನರ ದೊಡ್ಡ ಬ್ಯಾಂಡುಗಳ ಕಾಲದಲ್ಲಿ ಆತ ಆರೇಳು ಜನರ ಸಣ್ಣ ತಂಡ ಕಟ್ಟಿ ಅಷ್ಟೇ ಸದ್ದು ಮಾಡಿದ. ಹಾಡಿನಲ್ಲಿ ಕಥೆ ಹೇಳಿದ: ರೈಲು, ಪಾರ್ಟಿ, ಪೊಲೀಸ್ ದಾಳಿ, ದುಡ್ಡಿಲ್ಲದ ವಾರ. ಬೆರಿಯ ಹಾಡುಗಳಲ್ಲಿ ಕಾರು, ಸ್ಕೂಲು, ಹುಡುಗಿ ಬರುವುದು ಇದೇ ಧಾಟಿಯಲ್ಲಿ. 1946ರ 'ಚೂ ಚೂ ಚ್ ಬೂಗಿ' 18 ವಾರ ಕಪ್ಪು ಜನರ ಪಟ್ಟಿಯ ಮೇಲ್ತುದಿಯಲ್ಲಿತ್ತು. ಡೆಕ್ಕಾದಲ್ಲಿ ಆತನ ಹಾಡುಗಳನ್ನು ರೂಪಿಸಿದ್ದು ಮಿಲ್ಟ್ ಗೇಬ್ಲರ್. 1954ರ ಏಪ್ರಿಲ್ 12ರಂದು ನ್ಯೂಯಾರ್ಕಿನಲ್ಲಿ ಬಿಲ್ ಹೇಲಿಯಿಂದ 'ರಾಕ್ ಅರೌಂಡ್ ದ ಕ್ಲಾಕ್' ಹಾಡಿಸಿದವನೂ ಇದೇ ಗೇಬ್ಲರ್. ಜೋರ್ಡನ್ ತಂಡದ ನುಡಿಗಳನ್ನು ಬಾಯಲ್ಲಿ ಹಾಡಿ ತೋರಿಸಿ ಹೇಲಿಯ ಹುಡುಗರಿಗೆ ಕಲಿಸಿದೆ ಅಂತ ಆತನೇ ಹೇಳಿದ್ದಾನೆ. ಒಬ್ಬ ಬೆರಿ, ಒಬ್ಬ ಹೇಲಿ. ಕಪ್ಪು ಜನರ ಕಡೆಯಿಂದ ಒಂದು, ಬಿಳಿಯರ ಕಡೆಯಿಂದ ಒಂದು. ಎರಡೂ ಕವಲು ಒಂದೇ ಮರದ್ದು.

ಮುಂದಿನ ಭಾನುವಾರ ಇದನ್ನೆಲ್ಲ ಇಟ್ಟೆ. ಡ್ರಮ್ಮರ್ ಒಪ್ಪಲಿಲ್ಲ. ಅವನು ಚಿಕ್ಕಂದಿನಲ್ಲಿ ಮೃದಂಗ ಕಲಿತವನು. "ಸ್ವರ ಎಲ್ಲ ಸರಿ ಕಣೋ, ನಡೆ ಕೇಳಿಸ್ಕೊಂಡಿದೀಯಾ? ಜೋರ್ಡನ್‌ದು ತಿಶ್ರ, ಮೂರರ ನಡೆ. ತಕಿಟ ತಕಿಟ. ರಾಕ್ ಅಂಡ್ ರೋಲ್ ಚತುರಶ್ರ, ನಾಲ್ಕರ ನಡೆ. ಅದನ್ನ ತಂದವನು ರಿಚರ್ಡ್."

ಅವನ ಮಾತಿನಲ್ಲಿ ಸತ್ಯವಿದೆ. 1955ರಲ್ಲಿ ನ್ಯೂ ಆರ್ಲಿಯನ್ಸ್‌ನ ಸ್ಟುಡಿಯೋದಲ್ಲಿ ರಿಚರ್ಡ್ ಬಲಗೈಯಲ್ಲಿ ಪಿಯಾನೋವನ್ನು ಎಡೆಬಿಡದೆ ಸಮಸಮನಾಗಿ ಬಡಿಯುತ್ತಿದ್ದ. ಅದಕ್ಕೆ ತಿಶ್ರ ಹೊಂದಲಿಲ್ಲ ಅಂತ ಡ್ರಮ್ಮರ್ ಅರ್ಲ್ ಪಾಮರ್ ತಾನೂ ಸಮ ನಡೆಗೆ ಬಂದ. 'ಜಾನಿ ಬಿ. ಗುಡ್'ನಲ್ಲಿ ಇನ್ನೂ ಸೊಗಸಾದ ಸಂಗತಿ ಇದೆ. ಬೆರಿಯ ಗಿಟಾರ್ ಚತುರಶ್ರದಲ್ಲಿ ಹೋಗುತ್ತಿರುತ್ತದೆ, ಹಿಂದೆ ತಂಡ ಇನ್ನೂ ತಿಶ್ರದ ತೂಗಿನಲ್ಲೇ ಇದೆ. ಎರಡೂ ಒಟ್ಟಿಗೆ! ನಾವೂ ಮಾಡಿ ನೋಡಿದೆವು. ಅವನು ತಿಶ್ರ, ನಾನು ಚತುರಶ್ರ. ನಾಲ್ಕು ಆವರ್ತ ಕಳೆಯುವುದರೊಳಗೆ ನನ್ನ ಕೈ ಅವನ ನಡೆಗೆ ಜಾರಿಬಿಡುತ್ತಿತ್ತು. ಮೂರು ಭಾನುವಾರ ಬೇಕಾಯಿತು ಅದು ನಿಲ್ಲಲು. ನಿಂತ ಕ್ಷಣ ಇಬ್ಬರೂ ಕಿರುಚಿಕೊಂಡೆವು, ಕೆಳಗಿನಿಂದ ಅಮ್ಮ "ಏನಾಯ್ತ್ರೋ?" ಅಂತ ಮೇಲೆ ಬಂದರು.

ಹಾಗಾಗಿ ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇರುವುದು ಲೂಯಿ ಜೋರ್ಡನ್ ಹೆಸರು. ನಡೆ ಆತನದಲ್ಲ, ಅದನ್ನು ಡ್ರಮ್ಮರ್‌ಗೆ ಬಿಟ್ಟುಕೊಟ್ಟಿದ್ದೇನೆ. ಉಳಿದದ್ದರಲ್ಲಿ, ಅಂದರೆ ತಂಡದ ಅಳತೆ, ಕಥೆ ಹೇಳುವ ಸಾಹಿತ್ಯ, ಶುರುವಿನ ಸ್ವರಗಳು, ಶ್ರುತಿ, ಇದರಲ್ಲೆಲ್ಲ ಆತನಷ್ಟು ಸಾಲ ಕೊಟ್ಟವರು ನನಗೆ ಯಾರೂ ಸಿಗಲಿಲ್ಲ. ಗಿಟಾರ್ ಹಿಡಿದಿರಲಿಲ್ಲ ಅಂತಲೇ ನಮ್ಮಂಥ ಗಿಟಾರಿನವರು ಆತನನ್ನು ಮರೆತೆವು ಅಂತ ನನಗನಿಸುತ್ತದೆ.

ಗೆಳತಿ ಮಾತ್ರ ತನ್ನ ಪಟ್ಟು ಬಿಟ್ಟಿಲ್ಲ. ಅವಳು ಫೋನಿನಲ್ಲಿ ಅರ್ಕನ್ಸಾದ ಮ್ಯಾಪ್ ತೆಗೆದು ನನ್ನ ಮುಂದೆ ಹಿಡಿದಳು. ಜೋರ್ಡನ್ 1908ರಲ್ಲಿ ಹುಟ್ಟಿದ ಬ್ರಿಂಕ್ಲಿ, ರೊಸೆಟ್ಟಾ ಹುಟ್ಟಿದ ಕಾಟನ್ ಪ್ಲಾಂಟ್. ಎರಡೂ ಅಕ್ಕಪಕ್ಕದ ಕೌಂಟಿಗಳ ಸಣ್ಣ ಊರುಗಳು, ಎರಡು ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಹತ್ತಿರ. "ನೋಡು, ನಿನ್ನವನೂ ನನ್ನವಳೂ ಒಂದೇ ಕಡೆಯವರು" ಅಂದಳು.

ಮುಂದಿನ ತಿಂಗಳು ಆ ಸ್ಯಾಕ್ಸೋಫೋನಿನವರು ಇನ್ನೊಂದು ಮದುವೆಗೆ ಬೆಂಗಳೂರಿಗೆ ಬರುತ್ತಿದ್ದಾರೆ. ವಾದ್ಯ ಹಿಡಿದುಕೊಂಡು ನೇರ ನಮ್ಮ ಮಹಡಿಗೆ ಬನ್ನಿ ಅಂದಿದ್ದೇನೆ. ಜೋರ್ಡನ್‌ನ ಎರಡು ಹಾಡು ಕಳಿಸಿದ್ದೆ. ಕೇಳಿ ಫೋನ್ ಮಾಡಿದರು: "ಶ್ರುತಿ ಬದಲಿಸಬೇಡಿ ಆಯ್ತಾ, ಅವರು ಹಿಡಿದದ್ದರಲ್ಲೇ ನುಡಿಸುವ." ಕ್ಲಾಸಿನ ಮಕ್ಕಳಿಗೆ ಈ ವಾರದಿಂದ ಬೆರಿಯ ಆ ಶುರುವನ್ನು 6ನೇ ಫ್ರೆಟ್‌ನಲ್ಲಿ ಕಲಿಸುತ್ತಿದ್ದೇನೆ.