ಒಂದೇ ಜೊತೆ ಸ್ಕೀ, ಎರಡು ರೋಲರ್: ನನ್ನ ಅನುಭವ

ಸ್ಕೀ ತಳಕ್ಕೆ ಸಣ್ಣ ಗೆರೆಗಳ ಅಚ್ಚು ಹೊಡೆಯಲು ಕೈಯಲ್ಲಿ ಒತ್ತುವ ರೋಲರ್‌ನಿಂದ ಏನೂ ಪ್ರಯೋಜನ ಇಲ್ಲ, ನಾಲ್ಕು ಸಲ ಇಸ್ತ್ರಿಯಲ್ಲಿ ಮೇಣ ಕರಗಿಸಿ ವ್ಯಾಕ್ಸ್ ಮಾಡಿದರೆ ಅಚ್ಚೆಲ್ಲ ಅಳಿಸಿಹೋಗುತ್ತೆ ಅಂತ ಜೊತೆಯವರು ಹೇಳುತ್ತಲೇ ಇದ್ದರು. ಅಳಿಸಿಹೋಗುತ್ತದೆ, ನಿಜ. ನನಗೆ ಬೇಕಾಗಿದ್ದೂ ಅದೇ.

ನನ್ನ ಹತ್ತಿರ ಇರುವುದು ಒಂದೇ ಜೊತೆ ಒಳ್ಳೆ ಸ್ಕೇಟ್ ಸ್ಕೀ (ಕಾಲನ್ನು ಪಕ್ಕಕ್ಕೆ ತಳ್ಳುತ್ತ ಜಾರುವ ಬಗೆಯದು). ಬೇಸ್‌ನಲ್ಲಿ, ಅಂದರೆ ತಳದಲ್ಲಿ, ಚಳಿಗೆ ಅಂತ ಮಾಡಿಸಿದ ಸಣ್ಣ ಗೆರೆಯ ಸ್ಟೋನ್ ಗ್ರೈಂಡ್ (ಕಲ್ಲಿನ ಚಕ್ರದಲ್ಲಿ ಉಜ್ಜಿ ಮೂಡಿಸಿದ ಗೆರೆ) ಇದೆ. ಮೈನಸ್ ಎಂಟು, ಹತ್ತು ಡಿಗ್ರಿಯಲ್ಲಿ ಚೆನ್ನಾಗಿ ಓಡುತ್ತದೆ. ಸೊನ್ನೆಯ ಹತ್ತಿರ ಬಂದು ಹಿಮ ನೀರಾಗತೊಡಗಿದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಂತುಬಿಡುತ್ತದೆ. ಹಸಿ ಹಿಮಕ್ಕೆ ದಪ್ಪ ಗೆರೆ ಗ್ರೈಂಡ್ ಮಾಡಿಸಿದರೆ ಚಳಿ ಬಂದಾಗ ಮತ್ತೆ ಮಾಡಿಸಬೇಕು, ದುಡ್ಡೂ ಹೋಗುತ್ತದೆ, ಬೇಸ್ ಕೂಡ ಪ್ರತಿ ಸಲ ಸವೆಯುತ್ತದೆ. ಅದಕ್ಕೇ ಅಳಿಸಬಹುದಾದ ಅಚ್ಚಿನ ದಾರಿ ಹಿಡಿದೆ. ರೋಲರ್ ಕೂರಿಸುವ ಟೂಲ್, ಎರಡು ರೋಲರ್ ಎಲ್ಲ ಸೇರಿ ಹೆಚ್ಚುಕಡಿಮೆ ಎರಡು ಗ್ರೈಂಡಿಂಗ್‌ನಷ್ಟು ಖರ್ಚಾಯಿತು. ಇನ್ನೊಂದು ಜೊತೆ ಸ್ಕೀ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ಮೊದಲು ಟೂಲ್‌ಗೆ ರೋಲರ್ ಬದಲು ಗೆರೆ ಕೊರೆಯುವ ಬ್ಲೇಡ್ ಹಾಕಿ ನೋಡಿದ್ದು ಹಳೇ ಜೊತೆಯ ಮೇಲೆ. ಬೇಸ್‌ನಿಂದ ಕೂದಲಿನಂಥ ಎಳೆಗಳು ಎದ್ದವು, ಬ್ರಷ್ ಹೊಡೆದಷ್ಟೂ ಬರುತ್ತಲೇ ಇದ್ದವು. ಕೊರೆದ ಗೆರೆ ಆಮೇಲೆ ಹೋಗುವುದೂ ಇಲ್ಲ. ಅಗ್ಗದ ರೋಲರ್ ಒಂದನ್ನು ತಂದರೆ ಅದರ ಅಚ್ಚು ಒಂದು ಪಕ್ಕ ಆಳ, ಇನ್ನೊಂದು ಪಕ್ಕ ಕಾಣುವುದೇ ಇಲ್ಲ. ನಡುವೆ ಒಂದು ಪ್ರಯೋಗ: ಎಂ6 (6 ಮಿಮೀ ದಪ್ಪದ) ಥ್ರೆಡ್ ರಾಡ್‌ನ ತುಂಡನ್ನೇ ರೋಲರ್ ಮಾಡಿದ್ದು. ಅದರ ಪಿಚ್ (ಎರಡು ಸುತ್ತಿನ ನಡುವಿನ ಅಂತರ) ಸರಿಯಾಗಿ 1 ಮಿಮೀ, ಗೆರೆ ಸುಮಾರಾಗಿ ಉದ್ದಕ್ಕೇ ಬೀಳುತ್ತದೆ. ಆದರೆ ಥ್ರೆಡ್ ಓರೆಯಾಗಿರುವುದರಿಂದ ಪಕ್ಕಕ್ಕೆ ಎಳೆಯುತ್ತದೆ, ಎರಡೂ ಕಡೆ ಗೈಡ್ ಇಲ್ಲದೆ ನೇರ ಹೋಗುವುದಿಲ್ಲ. ಗೈಡ್ ಕಟ್ಟಿ ಇನ್ನೊಮ್ಮೆ ನೋಡಬೇಕು.

ಈಗ ಮಾಡುವುದು ಹೀಗೆ. ವ್ಯಾಕ್ಸ್, ಸ್ಕ್ರೇಪ್, ಬ್ರಷ್ ಎಲ್ಲ ಮುಗಿಸಿ, ಸ್ಕೀ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೋಲರ್. ಹಿಮದಲ್ಲಿ ತುಂಬಾ ನೀರಿದ್ದರೆ ಗೆರೆಯ ಅಂತರ 1 ಮಿಮೀ ಇರುವ ರೋಲರ್, ಹೊಸ ಹಸಿ ಹಿಮಕ್ಕೆ 0.5ರದು. ಮೂತಿಯಿಂದ ಬಾಲದವರೆಗೆ ಒಂದೇ ಎಳೆತ, ಎರಡೂ ಕೈಯ ಭಾರ, ಹತ್ತು ಕೆಜಿ ಆಸುಪಾಸು ಇರಬಹುದು. ನಡುವೆ ನಿಂತರೆ ಅಲ್ಲೇ ಅಡ್ಡ ಗುರುತು ಬೀಳುತ್ತದೆ. ಎರಡನೇ ಎಳೆತ ಹಳೇ ಗೆರೆಯಲ್ಲೇ ಕೂರುವುದಿಲ್ಲ, ಎಲ್ಲ ಕಲಸಿಹೋಗುತ್ತದೆ, ಅದಕ್ಕೇ ಒಂದೇ ಸಲ. ಉಗುರಿನಲ್ಲಿ ಅಡ್ಡ ಎಳೆದರೆ ಜರಜರ ಅನ್ನಬೇಕು, ಟಾರ್ಚ್ ಓರೆ ಹಿಡಿದರೆ ಗೆರೆ ಎರಡೂ ಅಂಚಿನವರೆಗೆ ಒಂದೇ ಸಮ ಕಾಣಬೇಕು. ಕೊನೆಗೆ ನೈಲಾನ್ ಬ್ರಷ್. ಎಳೆಯುವ ಮುಂಚೆ ರೋಲರ್‌ಗೆ ಒಂದು ಸಣ್ಣ ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪರೀಕ್ಷೆಗೆ ಒಂದು ಸ್ಕೀಗೆ ಮಾತ್ರ ಅಚ್ಚು ಹೊಡೆದು ಇಳಿಜಾರಿನಲ್ಲಿ ಸುಮ್ನೆ ಜಾರಿದೆ. ಅಚ್ಚಿದ್ದ ಕಾಲು ಮುಂದೆ ಮುಂದೆ ಹೋಗುತ್ತಿತ್ತು. ಇನ್ನೊಂದಕ್ಕೂ ಹೊಡೆದು ಅದೇ ಗುರುತಿನಿಂದ ಬಿಟ್ಟಾಗ, ಮೊದಲು ಅರವತ್ತು ಮೀಟರ್‌ಗೆ ನಿಲ್ಲುತ್ತಿದ್ದದ್ದು ಐದಾರು ಮೀಟರ್ ಜಾಸ್ತಿ ಹೋಯಿತು. ಅಷ್ಟರಲ್ಲಿ ಹಿಮವೇ ಬದಲಾಗಿರಬಹುದಲ್ವಾ ಅಂತ ಗೆಳೆಯನ ಸ್ಕೀಯನ್ನೂ ಮೊದಲು, ಆಮೇಲೆ ಎರಡೂ ಸಲ ಬಿಟ್ಟು ನೋಡಿದೆವು, ಅದು ಇದ್ದಲ್ಲೇ ನಿಂತಿತು.

ಚಳಿ ವಾಪಸ್ ಬಂದರೆ ಎರಡು ಮೂರು ಸಲ ಬಿಸಿ ವ್ಯಾಕ್ಸ್, ಅಚ್ಚು ಬಹುಪಾಲು ಮಾಯ, ಕೆಳಗಿನ ಗ್ರೈಂಡ್ ಹಾಗೇ ಇರುತ್ತದೆ. ಕ್ಲಾಸಿಕ್ ಸ್ಕೀ (ನಡೆಯುವ ಹಾಗೆ ನೇರ ಹೆಜ್ಜೆ ಹಾಕುವ ಬಗೆಯದು) ಇರುವವರು ಕಾಲ ಕೆಳಗೆ ಹಿಮ ಹಿಡಿಯುವ ಗ್ರಿಪ್ ಜಾಗ ಬಿಟ್ಟು ಮುಂದೆ, ಹಿಂದೆ ಮಾತ್ರ ಹೊಡೆಯಿರಿ.