ಕೊಪ್ಪಳದಿಂದ ಕಡಲಿಗೆ: ಮನೆಮಂದಿಯ ಮೂರು ದಿನದ ಕಾರು ಪಯಣ

ಕೊಪ್ಪಳದಲ್ಲಿ ಕಾರು ಹತ್ತಿ ಪಡುವಣಕ್ಕೆ ಮುಖ ಮಾಡಿದರೆ ದಾರಿ ತಪ್ಪುವುದೇ ಕಷ್ಟ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಬಂದು ಗದಗ, ಹುಬ್ಬಳ್ಳಿ, ಯಲ್ಲಾಪುರ ಹಾಯ್ದು ಅಂಕೋಲಾ ಮುಟ್ಟುವ ಈ ರಸ್ತೆ ಮೊದಲು ಒಂದೇ ಹೆದ್ದಾರಿ, ನಂಬರ್ 63. ಈಗ ಹುಬ್ಬಳ್ಳಿವರೆಗೆ 67, ಅಲ್ಲಿಂದಾಚೆ 52. ಬಳ್ಳಾರಿಯ ಅದಿರು ಲಾರಿಗಳು ಬೇಲೆಕೇರಿ ಬಂದರಿಗೆ ಓಡಿದ್ದೂ ಇದೇ ದಾರಿಯಲ್ಲಿ. ಕೊಪ್ಪಳದಿಂದ ಸುಮಾರು 250 ಕಿ.ಮೀ, ಬಳ್ಳಾರಿಯವರು ಇನ್ನೂ ನೂರು ಸೇರಿಸಿಕೊಳ್ಳಿ.

ಹೊರಡುವುದು ಯಾವಾಗ? ದೀಪಾವಳಿ ಮುಗಿದ ಮೇಲಿಂದ ಫೆಬ್ರುವರಿವರೆಗೆ. ಮಳೆಗಾಲದ ಕರಾವಳಿ ಚಂದ, ಒಪ್ಪಿದೆ. ಆದರೆ 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದದ್ದು ನೆನಪಿರಲಿ. ಮೀನಿನ ಆಸೆಗೂ ಜೂನ್, ಜುಲೈ ಬೇಡ. ಆ ಎರಡು ತಿಂಗಳು ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ.

ಹಿಂದಿನ ದಿನವೇ ಬ್ರೇಕ್, ಟೈರ್ ಗಾಳಿ, ಸ್ಟೆಪ್ನಿ ನೋಡಿಸಿ, ಫಾಸ್ಟ್ಯಾಗ್‌ಗೆ ದುಡ್ಡು ಹಾಕಿಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸಾಕು. ರೊಟ್ಟಿಯನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಬೇಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ನಮ್ಮ ಬಿಸಿಲಿಗೆ ತಿಂಗಳಾದರೂ ಟಕ್ ಅನ್ನುವ ರೊಟ್ಟಿ, ಕಡಲ ಗಾಳಿ ಸೋಕಿದ ಒಂದೇ ರಾತ್ರಿಗೆ ಹಸಿ ಚರ್ಮದಂತೆ ಮೆತ್ತಗಾಗುತ್ತದೆ. ಗೋಕರ್ಣದಲ್ಲಿ ಅಂಥ ರೊಟ್ಟಿ ಎಳೆದೆಳೆದು ತಿಂದು ಕಲಿತ ಪಾಠವಿದು.

ಬೆಳಗಿನ ಐದಕ್ಕೆ ಬಿಟ್ಟರೆ ನಾಷ್ಟಾ ಹುಬ್ಬಳ್ಳಿಯಲ್ಲಿ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ ಬರುತ್ತದೆ, ಅದನ್ನು ಹಗಲಲ್ಲೇ ಇಳಿಯಬೇಕು. ಏರುವ ಗೇರಿನಲ್ಲೇ ಇಳಿಯಿರಿ, ಎರಡನೆಯದು ಅಥವಾ ಮೂರನೆಯದು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಜಾಣತನ ಬೇಡವೇ ಬೇಡ. ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಅರ್ಧ ತಾಸು ನಿಲ್ಲಿಸಿ. ಬಯಲುಸೀಮೆಯ ಮಕ್ಕಳಿಗೆ ತಿರುವುಗಳಲ್ಲಿ ವಾಂತಿ ಬರುವುದು ಸಹಜ, ಕಿಟಕಿ ಇಳಿಸಿ, ಮೊಬೈಲ್ ಕಸಿದುಕೊಳ್ಳಿ.

ಅಂಕೋಲಾದಲ್ಲಿ ಎಡಕ್ಕೆ ತಿರುಗಿದರೆ ಹೆದ್ದಾರಿ 66. ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ಸಿಗುತ್ತದೆ. ಜನವರಿ ಕಳೆದ ಮೇಲೆ ಹೋದರೆ ಬಿಳಿ ಗುಡ್ಡೆಗಳನ್ನು ಕಾಣಬಹುದು. ಉಪ್ಪೆಂದರೆ ಪ್ಯಾಕೆಟ್ಟು ಅಂದುಕೊಂಡ ಮಕ್ಕಳಿಗೆ ಇದನ್ನು ತೋರಿಸಲೇಬೇಕು. ಮೊದಲ ರಾತ್ರಿ ಗೋಕರ್ಣದಲ್ಲೇ ಉಳಿಯಿರಿ. ನಮ್ಮವ್ವ ಅಲ್ಲಿ ಮೊದಲ ಸಲ ಕಡಲು ಕಂಡವಳು ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿ, ‘ಇಷ್ಟ್ ನೀರೈತಿ, ಒಂದ್ ಎಕರೆಕ್ಕೂ ಬರಂಗಿಲ್ಲಲ್ಲೋ ತಮ್ಮಾ’ ಅಂದಿದ್ದಳು.

ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತವರಿಗೆ ಇಲ್ಲೊಂದು ಮಾತು. ಕಾಲುವೆ ನೀರು ಒಂದೇ ಕಡೆ ಹರಿಯುತ್ತದೆ, ಕಡಲು ತಂದದ್ದನ್ನು ವಾಪಸ್ಸು ಎಳೆಯುತ್ತದೆ. ಎರಡು ಕಡೆ ತೆರೆ ಒಡೆಯುತ್ತಿದ್ದು ನಡುವೆ ಶಾಂತವಾಗಿ ಕಾಣುವ ನೀರಿನ ಪಟ್ಟಿಯೇ ಎಳೆತದ ಜಾಗ ಆಗಿರಬಹುದು. ಸಿಕ್ಕಿಕೊಂಡರೆ ದಡದತ್ತ ಎದುರಾಗಿ ಈಜದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಮಕ್ಕಳಿಗೆ ಮೊಣಕಾಲುದ್ದದ ನೀರು ಸಾಕು, ಕೈಯಳತೆಯಲ್ಲಿ ದೊಡ್ಡವರೊಬ್ಬರಿರಲಿ.

ಎರಡನೇ ದಿನ ಕುಮಟಾ, ಹೊನ್ನಾವರದ ಶರಾವತಿ ಸೇತುವೆ, ಮುರುಡೇಶ್ವರ. 123 ಅಡಿಯ ಶಿವನ ಮೂರ್ತಿಯನ್ನು ಎಲ್ಲರೂ ನೋಡುತ್ತಾರೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ 20 ಅಂತಸ್ತಿನ ಗೋಪುರದ ಲಿಫ್ಟೇ ದೊಡ್ಡ ದರ್ಶನ. ಅಲ್ಲೇ ರೂಮಿಗೆ ಸಾಮಾನು ಹಾಕಿ, ಸಂಜೆಗೆ ಮರವಂತೆ ತಲುಪಿ. ಹೋಗುವಾಗ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಫೋಟೊಗೆಂದು ಹೆದ್ದಾರಿ ದಾಟುವಾಗ ಮಕ್ಕಳ ಕೈ ಬಿಡಬೇಡಿ. ಅಲ್ಲಿ ನೀರಿಗಿಂತ ಬಸ್ಸುಗಳ ಭಯ ಹೆಚ್ಚು.

ಅಲ್ಲಿಂದ ಮುಂದೆ ಉಡುಪಿ, ಮಂಗಳೂರು ಎಂದು ಹಿಗ್ಗಿಸಬೇಡಿ. ಮರುದಿನ ಮುರುಡೇಶ್ವರದಿಂದ ಊರಿಗೆ 300 ಕಿ.ಮೀ. ಮೇಲಿದೆ, ಘಟ್ಟ ಮತ್ತೆ ಏರಬೇಕು. ಏಪ್ರಿಲ್, ಮೇನಲ್ಲಿ ಹೋದವರಾದರೆ ಕುಮಟಾ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ತನ್ನಿ. ನಮ್ಮ ಈರುಳ್ಳಿಯಂತೆ ಕಣ್ಣೀರು ಬರಿಸುವುದಿಲ್ಲ.

ಊರು ಸೇರಿದ ಮರುದಿನ ಕಾರಿನ ಅಡಿಭಾಗವನ್ನು ಸಿಹಿನೀರಲ್ಲಿ ತೊಳೆಸಿ, ಉಪ್ಪಂಟಿದರೆ ತುಕ್ಕು ಹಿಡಿಯುತ್ತದೆ. ಸೀಟಿನ ಸಂದಿಯ ಮರಳು ಮಾತ್ರ ಯುಗಾದಿವರೆಗೂ ಉದುರುತ್ತಲೇ ಇರುತ್ತದೆ.